ಬೆಚ್ಚಗಿಟ್ಟ ಗೋಧಿ

ಬೆಳೆ ಸಂಶೋಧನಾ ಕೇಂದ್ರದ ಶೀತಲ ಕೋಣೆಯಲ್ಲಿ ಗೋಧಿ ಸಸಿಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಚಳಿಯಕ್ಕ ಎನ್ನುತ್ತಿದ್ದರು. ಚಳಿಗಾಲದ ಗೋಧಿ ಎಳವೆಯಲ್ಲಿ ಕೆಲವು ವಾರ ಚಳಿ ತಿಂದರೆ ಬೂದಿ ರೋಗವನ್ನು ತಡೆದುಕೊಳ್ಳುತ್ತದೆಯೇ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು; ಒಂದೊಂದು ಟ್ರೇಯಲ್ಲಿ ಒಂದೊಂದು ತಳಿ.

ಒಂದು ಟ್ರೇಯ ಸಸಿಗಳು ಮುದುಡಿದ್ದನ್ನು ಕಂಡು ಅವಳ ಕರುಳು ಚುರುಕ್ಕೆಂದಿತು. ಪ್ರತಿ ಸಂಜೆ ಅದನ್ನು ಹೊರಗೆ ಬಿಸಿನೀರಿನ ಕೊಳವೆಯ ಪಕ್ಕದಲ್ಲಿಟ್ಟು, ಬೆಳಿಗ್ಗೆ ಯಾರೂ ಬರುವ ಮುನ್ನ ಒಳಗಿಡುತ್ತಿದ್ದಳು.

ಪರೀಕ್ಷೆಗೆಂದು ಎಲ್ಲ ಟ್ರೇಗಳ ಮೇಲೂ ರೋಗದ ಪುಡಿ ಉದುರಿಸಿದ ಮೇಲೆ ಉಳಿದ ಟ್ರೇಗಳು ಹಸಿರಾಗಿದ್ದವು. ಅದೊಂದೇ ಬೂದಿ ಹಿಡಿದು ಬೆಳ್ಳಗಾಯಿತು.

"ಈ ತಳಿಗೆ ತಾಕತ್ತಿಲ್ಲ ಅಕ್ಕಾ. ಬೀಜಾನೂ ಎಸೆದುಬಿಡಿ," ಎಂದರು ಪ್ರಯೋಗ ನಡೆಸುತ್ತಿದ್ದ ಮೇಡಂ. ಅದು ಅವರೇ ವರ್ಷಗಟ್ಟಲೆ ಸಾಕಿದ ತಳಿ.

ಚಳಿಯಕ್ಕ ಒಪ್ಪಿಕೊಂಡಳು. "ತಪ್ಪು ತಳೀದಲ್ಲ ಮೇಡಂ, ನಂದು. ಪಾಪ, ನಡುಗ್ತಾವೆ ಅಂತ ರಾತ್ರಿ ಬೆಚ್ಚಗಿಡ್ತಿದ್ದೆ."

"ಗೋಧಿಗೂ ಸ್ವೆಟರ್ ಹೆಣೆದುಬಿಟ್ರಲ್ಲಾ ಅಕ್ಕಾ!" ಎಂದು ಮೇಡಂ ನಿಟ್ಟುಸಿರಿಟ್ಟು, ಬೀಜದ ಚೀಲವನ್ನು ಅವಳ ಕೈಗೇ ಕೊಟ್ಟರು. "ಮತ್ತೆ ಬಿತ್ತಿ."

ಬೈದಿದ್ದರೆ ಅವಳ ಮನಸ್ಸು ಹಗುರವಾಗುತ್ತಿತ್ತೇನೋ. ಆಮೇಲೆ ಪ್ರತಿ ಸಂಜೆ ಶೀತಲ ಕೋಣೆಯ ಬಾಗಿಲು ಹಾಕುವಾಗ ಅವಳು ದೇವರ ಕ್ಷಮೆ ಬೇಡುತ್ತಿದ್ದಳು: ಬೆಚ್ಚಗಿಟ್ಟು ಕೆಡಿಸಿದವಕ್ಕಾಗಿ ಒಮ್ಮೆ, ಒಳಗೆ ನಡುಗುತ್ತಿರುವವಕ್ಕಾಗಿ ಇನ್ನೊಮ್ಮೆ.