ಹಗೇವಿನ ಭೀಮಕ್ಕ

ಭೀಮಕ್ಕನಿಗೆ ದೆವ್ವದ ಭಯ ಇರಲಿಲ್ಲ. ಇರುವುದಾದರೂ ಹೇಗೆ? ಆ ದೆವ್ವವನ್ನು ಸಾಕಿದವಳೇ ಅವಳು. ಪ್ರತಿ ರವಿವಾರ ಸಂಜೆ ನಾಲ್ಕಕ್ಕೆ ಅದನ್ನು ಎಬ್ಬಿಸುವುದು, ಐದಕ್ಕೆ ಮಲಗಿಸುವುದು, ಆಮೇಲೆ ಹಿಂದವಾಡಿಯ ತನ್ನ ಬಾಡಿಗೆ ಖೋಲಿಗೆ ನಡೆದು ಹೋಗಿ ರೊಟ್ಟಿ ತಟ್ಟುವುದು. ಅವಳು ಹೆದರುತ್ತಿದ್ದದ್ದು ನೆಲದಲ್ಲಿದ್ದ ಒಂದು ತೂತಿಗೆ. ಖಾಸಬಾಗದ ವಾಡೆಯ, ಅಂದರೆ ಹಳೆಯ ದೊಡ್ಡಮನೆಯ, ನೆಲಮನೆಯಲ್ಲಿ, ಕೊನೆಯ ಖೋಲಿಯ ನಟ್ಟನಡುವೆ ಇದ್ದ ಹಗೇವಿನ ಬಾಯಿಗೆ.

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ಕೊರೆದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು. ಕಾಳು ಒಳಗೆ ಕೂತು ಕೂತು ಅಲ್ಲಿಯ ಗಾಳಿ ಕೆಡುತ್ತದೆ. ಅದಕ್ಕೇ ಹಗೇವು ಬಲ್ಲವರು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಇಳಿಯಬೇಕು, ಆರಿದರೆ ಮುಚ್ಚಿಕೊಂಡು ಮನೆಗೆ ಹೋಗಬೇಕು. ಇಷ್ಟೇ ಶಾಸ್ತ್ರ.

ವಾಡೆಯ ಯಜಮಾನ ಬಾಳಾಸಾಹೇಬರ ಅಪ್ಪನ ಕಾಲಕ್ಕೆ ಅಲ್ಲಿ ಕಾಳಿನ ವ್ಯಾಪಾರ ಜೋರಾಗಿತ್ತು. ಈಗ ವ್ಯಾಪಾರವೂ ಇಲ್ಲ, ಹಗೇವಿನ ತಳದಲ್ಲಿ ಕೊಳೆತದ್ದು ಬಿಟ್ಟರೆ ಕಾಳೂ ಇಲ್ಲ. ಹಣೆತುಂಬ ವಿಭೂತಿ ಹಚ್ಚಿಕೊಂಡು ಜೋಕಾಲಿಯ ಮೇಲೆ ಕೂತಿರುತ್ತಿದ್ದ ಬಾಳಾಸಾಹೇಬರು ಎರಡು ಸಾವಿರದ ಇಸವಿಯ ದಸರೆಯ ಹೊತ್ತಿಗೆ ಯಾವುದೋ ಇಂಗ್ಲಿಷ್ ಮಾಸಿಕ ಓದಿದರು. ವಿಲಾಯತಿಯ ಯಾವುದೋ ಊರಲ್ಲಿ ಜನ ತಿಕೀಟು ತಗೊಂಡು ನೆಲದಡಿಗೆ ಇಳಿದು ದೆವ್ವ ನೋಡಿ ಬರುತ್ತಾರಂತೆ. ಓದಿದ್ದೇ ತಡ, ಮನುಷ್ಯ ಕುಣಿದುಬಿಟ್ಟ.

"ನಮ್ಮ ನೆಲಮನಿ ಏನ ಕಡಿಮಿ ಐತಿ, ಭೀಮಕ್ಕಾ? ಗೋವಾಕ್ಕ ಹೋಗವ್ರೆಲ್ಲಾ ಇಲ್ಲೇ ಇಳದ ಹೋಗತಾರ. ನಾ ಒಬ್ಬ ಕಾಲೇಜ ಹುಡುಗನ್ನ ಹಚ್ಚತೀನಿ, ಕತಿ ಹೇಳಾಕ."

ವಾಡೆಯ ಕಸ ಗುಡಿಸುತ್ತಿದ್ದ ಭೀಮಕ್ಕನ ಕೈ ನಿಂತಿತು. ಕಾಲೇಜಿನ ಹುಡುಗ! ಅವನಿಗೆ ಹಗೇವು ಅಂದರೇನು ಗೊತ್ತು? ಬಂದವರಿಗೆಲ್ಲ ಬಗ್ಗಿ ನೋಡ್ರಿ ಅಂತಾನೆ, ಯಾವನೋ ಒಬ್ಬ ಇಳಿದೇ ಇಳಿಯುತ್ತಾನೆ.

"ಯಾರೂ ಬ್ಯಾಡ್ರಿ ಸಾಹೇಬ್ರ. ನಾನ ಮಾಡತೀನಿ," ಅಂದಳು.

ಹೀಗೆ ನಲವತ್ತೆರಡರ ವಯಸ್ಸಿನಲ್ಲಿ ಭೀಮಕ್ಕ ದೆವ್ವ ತೋರಿಸುವವಳಾದಳು. ಮಾಡಿದಳು ನೋಡಿ, ಅದೇನು ಮಾಡಿದಳು! ಜಾಂಬೋಟಿ ಕಡೆಯ ದನಗಾಹಿಗಳ ಮಗಳು. ಅಪ್ಪನ ಕರೀ ಕಂಬಳಿ ಹೆಗಲಿಗೆ ಹಾಕಿ, ಮೆಟ್ಟಿಲ ಬಾಯಲ್ಲಿ ನಿಂತು ಬಂದವರೆಲ್ಲರ ಹಣೆಗೆ ಭಂಡಾರ ಹಚ್ಚುತ್ತಿದ್ದಳು. ದೇವರ ಅರಿಷಿಣ ಹಣೆಗೆ ಬಿದ್ದ ಕೂಡಲೇ ಅರ್ಧ ಜನರ ನಗು ನಿಲ್ಲುತ್ತಿತ್ತು. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಕತೆ. ದಂಡು ಬಂದಾಗ ನೆಲಮನೆಯಲ್ಲಿ ಅಡಗಿದ ಸೊಸೆ ಬಾಳವ್ವ, ಮೇಲೆ ಕಲ್ಲು ಮುಚ್ಚಿ ಮರೆತು ಹೋದ ಮನೆಯವರು. ಎಲ್ಲ ಕಟ್ಟುಕತೆ. ಕೊನೆಯ ಖೋಲಿಯಲ್ಲಿ ಜನರನ್ನು ಕಂಬದ ಆಚೆಗೇ ನಿಲ್ಲಿಸಿ, ತಾನೊಬ್ಬಳೇ ಮುಂದೆ ಹೋಗಿ, ಕೈ ಚಾಚಿದಷ್ಟು ದೂರದಿಂದ ಕಂದೀಲನ್ನು ಹಗೇವಿನೊಳಗೆ ಇಳಿಬಿಡುತ್ತಿದ್ದಳು. ಎರಡು ಮೊಳ ಕೆಳಗೆ ಹೋಗುತ್ತಲೇ ಕಂದೀಲು ಸಣ್ಣಗಾಗಿ, ನೀಲಿಯಾಗಿ, ಫಕ್ಕನೆ ಆರುತ್ತಿತ್ತು.

"ಬಾಳವ್ವ ಊದಿದ್ಲು," ಅನ್ನುತ್ತಿದ್ದಳು ಭೀಮಕ್ಕ ಕತ್ತಲಲ್ಲಿ. ಗಂಡಸರೂ ಕಿರುಚುತ್ತಿದ್ದರು.

ಅವರು ಕಿರುಚಿದಷ್ಟೂ ಅವಳಿಗೆ ಸಮಾಧಾನ. ಹೆದರಿದವರು ಹತ್ತಿರ ಬರುವುದಿಲ್ಲವಲ್ಲ! ಆದರೆ ಆ ಕತ್ತಲಲ್ಲಿ ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹಗ್ಗ ಸುತ್ತಿಕೊಳ್ಳುತ್ತಿದ್ದಳು. ಹಳೆಯ ಕಾಳಿನ ಹುಳಿ ವಾಸನೆ ಮೂಗಿಗೆ ಬಡಿದರೆ ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಎದ್ದು ಎದುರಿಗೆ ಬರುತ್ತಿತ್ತು.

ಆ ಮಧ್ಯಾಹ್ನ ಅವಳ ಗಂಡ ಲಕ್ಷ್ಮಣ ಅದೇ ಹಗೇವಿನಲ್ಲಿ ಸತ್ತಿದ್ದ. ಇದು ಖಾಸಬಾಗಕ್ಕೆಲ್ಲ ಗೊತ್ತಿದ್ದ ಸಂಗತಿ. ಗೋಕಾಕ ಕಡೆಯ ಆಳು, ಹಗೇವು ತೆಗೆಯುವುದರಲ್ಲಿ ಪಳಗಿದವನು, ಆದರೂ ಸೊಕ್ಕಿನಿಂದ ದೀಪ ಇಳಿಸದೆ ಇಳಿದ, ಸತ್ತ. ಊರು ಹೇಳುತ್ತಿದ್ದದ್ದು ಹೀಗೆ. ಬಾಳಾಸಾಹೇಬರ ಅಪ್ಪ ಹೇಳಿದ್ದೂ ಹೀಗೆ. ಲಕ್ಷ್ಮಣನ ತಾಯಿ ಮಾಯವ್ವ ಪ್ರತಿ ಅಮಾವಾಸ್ಯೆಗೆ ಮಗನ ಹೆಸರಲ್ಲಿ ಎಡೆ ಇಟ್ಟು, "ಹುಂಬ ನನ್ನ ಮಗ, ಒಂದ ದೀಪಾ ಇಳಸಾಕ ಏನ ಧಾಡಿ ಆಗಿತ್ತು ನಿನಗ," ಎಂದು ಬೈದು ಬೈದು ಅಳುತ್ತಿದ್ದಳು. ಬೈಯುತ್ತಲೇ ಆರು ವರ್ಷದ ಹಿಂದೆ ಕಣ್ಣು ಮುಚ್ಚಿದಳು. ಬಾಯಿಗೆ ನೀರು ಬಿಟ್ಟವಳು ಭೀಮಕ್ಕನೇ.

ಲಕ್ಷ್ಮಣ ದೀಪ ಇಳಿಸಿದ್ದ. ಅದು ಭೀಮಕ್ಕನೊಬ್ಬಳಿಗೇ ಗೊತ್ತಿತ್ತು.

ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ, ಹೊಟ್ಟೆಯಲ್ಲಿ ನಾಲ್ಕು ತಿಂಗಳ ಮಾಲಾ. ಗಂಡ ಹಗ್ಗದ ತುದಿ ಅವಳ ಕೈಗೆ ಕೊಟ್ಟು, ಚೀಲ ತರಲು ಬಾಜೂಕಿನ ಖೋಲಿಗೆ ಹೋಗಿದ್ದ. ದೀಪ ಆರಿತು. ಜಾಂಬೋಟಿಯ ಕಾಡಿನ ಹುಡುಗಿಗೆ ಹಗೇವು ಏನು ಗೊತ್ತು? ಅಲ್ಲಿ ಹಗೇವೂ ಇಲ್ಲ, ಜೋಳವೂ ಇಲ್ಲ. ಮಳೆಗಾಳಿಗೆ ದಿನಕ್ಕೆ ಹತ್ತು ಸಲ ದೀಪ ಆರುವುದು, ಹತ್ತು ಸಲ ಹಚ್ಚುವುದು. ಗಾಳಿಗೆ ಆರಿತು ಅಂದುಕೊಂಡಳು. ಒಂದು ದೀಪ ಹಿಡಿಯಲೂ ಬಾರದವಳು ಅಂತ ಬೈಸಿಕೊಳ್ಳಬಾರದು ಅಂತ ಸರಸರ ಮೇಲೆಳೆದು ಕಡ್ಡಿ ಗೀರಿ ಹಚ್ಚಿದಳು. ಅಷ್ಟರಲ್ಲಿ ಆಚೆ ಖೋಲಿಯಿಂದ ಅವನು ಕೂಗಿದ, "ದೀಪಾ ಉರ್ಯಾಕತ್ತೈತೇನ?"

ಕೈಯಲ್ಲಿದ್ದ ದೀಪ ನೋಡಿಕೊಂಡು ಅವಳು, "ಉರ್ಯಾಕತ್ತೈತ್ರಿ," ಅಂದಳು.

ಅವನು ಬಂದ, ನಂಬಿದ, ಇಳಿದ. ಅವಳು ಮೂರು ಸಲ ಕರೆದಳು, ಉತ್ತರ ಬರಲಿಲ್ಲ. ನೆಲದಡಿಯ ಖೋಲಿಯಲ್ಲಿ ಗಾಳಿ ಎಲ್ಲಿಂದ ಬರಬೇಕು ಎಂಬ ಮಾತು ಅವಳಿಗೆ ಹೊಳೆದದ್ದು ಹೆಣ ಮೇಲೆತ್ತಿದ ಮೇಲೆ. ಜನ ಬಂದು, "ದೀಪಾ ಇಳಿಸಿರಲಿಲ್ಲೇನು?" ಎಂದು ಕೇಳಿದಾಗ ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಆ ಒಂದು ಅಲ್ಲಾಡಿಸಿದ ತಲೆ ಆಮೇಲೆ ಎತ್ತಲಿಕ್ಕೇ ಬರಲಿಲ್ಲ.

ಮಗಳು ಮಾಲಾಳನ್ನು ಅವಳು ಒಂದು ದಿನವೂ ಆ ನೆಲಮನೆಗೆ ಇಳಿಸಲಿಲ್ಲ. ದೀಪದ ಶಾಸ್ತ್ರವನ್ನೂ ಹೇಳಿಕೊಡಲಿಲ್ಲ. ಅದನ್ನು ಹೇಳಹೊರಟರೆ ಉಳಿದದ್ದೂ ಬಾಯಿಗೆ ಬಂದೀತು ಎಂಬ ಹೆದರಿಕೆ. ಅಪ್ಪ ಯಾವುದೋ ಹಗೇವಿಗೆ ಬೆಳಕಿಲ್ಲದೆ ಇಳಿದು, ಕತ್ತಲಲ್ಲಿ ಬಿದ್ದು ಸತ್ತ ಎಂದಷ್ಟೇ ಮಾಲಾ ತಿಳಿದಿದ್ದಳು. ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಮಾಲಾಳ ಮದುವೆ ಖಾನಾಪುರದ ಸುಜಯನ ಜೊತೆ ಆಯಿತು. ಲಾರಿ ರಿಪೇರಿ ಮಾಡುವ ಹುಡುಗ, ನಗುವುದು ಜಾಸ್ತಿ, ಕೂತಲ್ಲಿ ಕೂರುವವನಲ್ಲ. ಜುಲೈ ತಿಂಗಳ ಒಂದು ರವಿವಾರ, ಮಳೆಯಲ್ಲಿ ತೊಯ್ದುಕೊಂಡು, ಗಂಡಹೆಂಡತಿ ಹೇಳದೆ ಕೇಳದೆ ವಾಡೆಯ ಬಾಗಿಲಿಗೆ ಬಂದು ನಿಂತರು.

"ಅತ್ತಿ, ಇವತ್ತ ನಿಮ್ಮ ಬಾಳವ್ವನ ಭೇಟಿ ಮಾಡಸ್ರಿ," ಅಂದ ಸುಜಯ.

"ಇವತ್ತ ಬ್ಯಾಡ್ರಿ. ಮನಿಗಿ ಹೋಗಿ ಕುಂದರ್ರಿ, ನಾ ಬರತೀನಿ," ಅಂದಳು ಭೀಮಕ್ಕ.

"ಹೊಸಾ ಅಳಿಯಾ ಬಂದಾನ, ಬ್ಯಾಡ ಅಂತೀಯಲ್ಲ! ಬರ್ರಿ ಬರ್ರಿ," ಎಂದು ಬಾಳಾಸಾಹೇಬರು ಅವರಿಬ್ಬರನ್ನೂ ಸಾಲಿಗೆ ಸೇರಿಸಿಯೇಬಿಟ್ಟರು. ಈ ದೊಡ್ಡಮನೆಯವರ ಉಪಚಾರ ಇದ್ದದ್ದೇ ಹೀಗೆ!

ಹದಿನೈದು ಜನ ಇಳಿದರು. ಮಳೆಗಾಲದ ನೆಲಮನೆ, ಗೋಡೆಯೆಲ್ಲ ನೀರು ಜಿನುಗುತ್ತಿತ್ತು, ಹುಳಿ ವಾಸನೆ ಎಂದಿಗಿಂತ ದಟ್ಟವಾಗಿತ್ತು. ಭೀಮಕ್ಕ ಕತೆ ಹೇಳುತ್ತಿದ್ದಳು, ಅವಳ ಕಣ್ಣು ಮಾತ್ರ ಅಳಿಯನ ಮೇಲೇ ಇತ್ತು. ಕೊನೆಯ ಖೋಲಿಯ ಬಾಗಿಲಿಗೆ ಬಂದಾಗ, ಮೊಮ್ಮಕ್ಕಳ ಜೊತೆ ಬಂದಿದ್ದ ಪದ್ಮವ್ವ ಎಂಬ ಮುದುಕಿ, "ನನ್ನ ಎದಿ ಹಿಡದಂಗ ಆಗೇತಿ," ಎಂದು ಕುಸಿದು ಕೂತಳು. ಬಿಟ್ಟು ಹೋಗುವ ಹಾಗಿಲ್ಲ. ಭೀಮಕ್ಕ ಕಂದೀಲು, ಹಗ್ಗ, ಕಡ್ಡಿಪೆಟ್ಟಿಗೆ ಮಗಳ ಕೈಗೆ ಕೊಟ್ಟಳು.

"ಇಲ್ಲೇ ನಿಂದರು. ಕಂಬಾ ದಾಟಬ್ಯಾಡ. ಯಾರನ್ನೂ ದಾಟಸಬ್ಯಾಡ. ಕೇಳಿಸ್ತೋ ಇಲ್ಲೋ?"

"ಹೂಂನವ್ವಾ," ಅಂದಳು ಮಾಲಾ.

ಮುದುಕಿಯನ್ನು ಮೇಲೆ ಕೂರಿಸಿ, ನೀರು ಕುಡಿಸಿ, ಭೀಮಕ್ಕ ಮೆಟ್ಟಿಲಿಳಿದಳು. ಎರಡನೆಯ ಖೋಲಿಗೆ ಬರುತ್ತಿದ್ದಂತೆ ಜನರ ನಗು ಕೇಳಿಸಿತು. ಆಮೇಲೆ ಎಲ್ಲ ಕತ್ತಲಾಯಿತು. ಆ ಕತ್ತಲಲ್ಲಿ ಅಳಿಯನ ದನಿ, ಎಲ್ಲೋ ಕೆಳಗಿನಿಂದ, ಕೊಡದೊಳಗಿಂದ ಬಂದಂತೆ ಬಂತು.

"ಮಾಲಾ, ದೀಪಾ ಏನಾತ?"

ಮಗಳು ನಗುತ್ತ ಹೇಳಿದಳು, "ಗಾಳಿಗಿ ಆರೇತ್ರಿ. ಹಚ್ಚಾಕತ್ತೀನಿ, ನೀವ ಇಳೀರಿ."

ಗೋಡೆಗೆ ಬಡಿದುಕೊಂಡು, ಯಾರನ್ನೋ ತಳ್ಳಿ, ಭೀಮಕ್ಕ ಒಳಗೆ ನುಗ್ಗಿದಳು. ಅಷ್ಟರಲ್ಲಿ ಮಾಲಾ ಕಡ್ಡಿ ಗೀರಿದಳು. ಆ ಬೆಳಕಿನಲ್ಲಿ ಕಂಡದ್ದು ಕಂಬ ದಾಟಿ ನಿಂತ ಮಾಲಾ, ಅವಳು ಮೇಲೆಳೆದಿಟ್ಟ ಕಂದೀಲು, ಹಗೇವಿನ ಅಂಚು ಹಿಡಿದಿದ್ದ ಸುಜಯನ ಕೈಗಳು, ಅವನ ತಲೆ, ಅಷ್ಟೇ. ಒಳಗೋಡೆಯ ಹೆಜ್ಜೆಗುಳಿಗಳಲ್ಲಿ ಕಾಲಿಟ್ಟು ಅವನು ಇಳಿಯುತ್ತಿದ್ದ.

"ಇಳೀಬ್ಯಾಡ್ರೀ! ಬಾಳವ್ವ ಹಿಡೀತಾಳ! ಮ್ಯಾಲ ಬರ್ರಿ!" ಎಂದು ಭೀಮಕ್ಕ ಚೀರಿದಳು. ಬಾಯಿಗೆ ಮೊದಲು ಬಂದದ್ದು ಅದೇ, ಒಂಬತ್ತು ತಿಂಗಳಿಂದ ಹೇಳಿ ಹೇಳಿ ರೂಢಿಯಾದ ಸುಳ್ಳು.

ಜನ ಚಪ್ಪಾಳೆ ಹೊಡೆದರು! "ಭಾರಿ ಆ್ಯಕ್ಟಿಂಗ್ ಮಾಡತಾಳ್ರೀ ಈ ಹೆಣ್ಮಗಳು," ಎಂದು ಯಾರೋ ಮೆಚ್ಚಿದರು. ಸುಜಯ ನಕ್ಕ. "ಬರಲಿ ಬಾಳವ್ವ, ನಾನೂ ನೋಡತೀನಿ," ಎಂದು ಇನ್ನೊಂದು ಹೆಜ್ಜೆ ಇಳಿದ. ತಲೆ ಕಾಣದಾಯಿತು. ಅಂಚಿನ ಮೇಲೆ ಬರೀ ಎಂಟು ಬೆರಳು.

"ಬಾಳವ್ವ ಇಲ್ಲ! ಯಾವ ದೆವ್ವಾನೂ ಇಲ್ಲ, ಎಲ್ಲಾ ಸುಳ್ಳು! ಕೆಳಗ ಗಾಳಿ ಕೆಟ್ಟೈತಿ, ನನ್ನ ಗಂಡ ಅಲ್ಲೇ ಸತ್ತಾನ!" ಭೀಮಕ್ಕ ಎದೆ ಬಡಿದುಕೊಂಡಳು. "ಅಂವ ದೀಪಾ ಇಳಿಸಿದ್ದ. ದೀಪಾ ಆರಿತ್ತು. ನಾ ಅದನ್ನ ಮತ್ತ ಹಚ್ಚಿ, ಉರ್ಯಾಕತ್ತೈತಿ ಅಂತ ಹೇಳಿದೆ. ಮಾಲಾ, ನಿಮ್ಮಪ್ಪನ್ನ ನಾನ ಕೊಂದೀನಿ. ನೀ ನಿನ್ನ ಗಂಡನ್ನ ಕೊಲ್ಲಬ್ಯಾಡವ್ವಾ!"

ಮಾಲಾಳ ಕೈಯಲ್ಲಿದ್ದ ಕಡ್ಡಿ ಬೆರಳು ಸುಟ್ಟು ಆರಿತು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಕತ್ತಲಲ್ಲೇ ಭೀಮಕ್ಕ ನೆಲದ ಮೇಲೆ ಬೋರಲು ಬಿದ್ದು ತೆವಳಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಅಂಚಿಗೆ ಅವಳ ಮೈ ತಾಗಿದ್ದು ಅದೇ ಮೊದಲು. ಕೈಯಾಡಿಸಿದಳು, ಎಂಟು ಬೆರಳಿದ್ದಲ್ಲಿ ನಾಲ್ಕು ಸಿಕ್ಕವು, ಅವೂ ಸಡಿಲಾಗುತ್ತಿದ್ದವು. ಕೆಳಗಿನಿಂದ ಈಗ ಬರುತ್ತಿದ್ದದ್ದು ನಗುವಲ್ಲ, ಏದುಸಿರು. ಮಣಿಕಟ್ಟು ಎರಡೂ ಕೈಯಿಂದ ಹಿಡಿದು, "ಹಿಡೀರ್ರೋ, ಯಾರರ ಹಿಡೀರ್ರೋ," ಎಂದು ಒದರಿದಳು. ಯಾರೋ ಅವಳ ಕಾಲು ಹಿಡಿದರು, ಇನ್ನ್ಯಾರೋ ಸುಜಯನ ಅಂಗಿ ಹಿಡಿದರು. ಎಳೆದು ನೆಲದ ಮೇಲೆ ಹಾಕಿದಾಗ ಹುಡುಗ ಕೆಮ್ಮುತ್ತಿದ್ದ, ಕಣ್ಣು ನೆಟ್ಟಗಿರಲಿಲ್ಲ, ಆದರೆ ಉಸಿರಿತ್ತು. ಅವನನ್ನು ತನ್ನ ಕಂಬಳಿಯಲ್ಲಿ ಸುತ್ತಿ, ಜನರ ಕೈಯಿಂದ ಹೊರಿಸಿ ಮೇಲೆ ತಂದಳು.

ವಾಡೆಯ ಅಂಗಳದಲ್ಲಿ ಮಳೆ ಸುರಿಯುತ್ತಿತ್ತು. ಜನ ಒಬ್ಬೊಬ್ಬರಾಗಿ ಹೋದರು. ಬಾಳಾಸಾಹೇಬರು ಜೋಕಾಲಿಯ ಮೇಲೆ ಕೂತು, ಅದನ್ನು ತೂಗದೆ, ಭೀಮಕ್ಕನನ್ನೇ ನೋಡಿದರು.

"ನಮ್ಮಪ್ಪ ಸಾಯೂಮಟಾ ಲಕ್ಷ್ಮಣಗ ಬೈದಾ, ಭೀಮಕ್ಕಾ," ಅಂದರು.

ಸುಜಯ ಕಟ್ಟೆಗೆ ಒರಗಿ ಚಹಾ ಕುಡಿದ, ಮುಖಕ್ಕೆ ಬಣ್ಣ ಬಂತು. ಮಾಲಾ ಅವನ ಒಂದು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ತಾಯಿಯ ಕಡೆ ನೋಡಿರಲಿಲ್ಲ. ಭೀಮಕ್ಕ ಎದುರಿನ ಕಂಬದ ಬುಡದಲ್ಲಿ ನಿಂತಿದ್ದಳು, ಹತ್ತಿರ ಹೋಗಲು ಧೈರ್ಯವಿಲ್ಲ, ದೂರ ಹೋಗಲು ಕಾಲಿಲ್ಲ. ಹಗೇವಿಗೆ ಅಷ್ಟು ವರ್ಷ ಹೆದರಿದವಳು ಈಗ ಹೆದರುತ್ತಿದ್ದದ್ದು ಆ ಮಗಳು ಬಾಯಿ ತೆರೆದು ಏನಂದಾಳೋ ಎಂದು.

"ಸಾಲ್ಯಾಗಿನ ಹುಡುಗ್ಯಾರು ಮನಿಗಿ ಬಂದು ಅಪ್ಪನ ಸುದ್ದಿ ಕೇಳಿದ್ರ, ಹುಂಬ ಇದ್ದ, ದೀಪಾ ಇಳಸದ ಇಳದ ಅಂತ ಹೇಳತಿದ್ದೆ," ಅಂದಳು ಮಾಲಾ ಕೊನೆಗೆ. "ನಕ್ಕೋತ ಹೇಳತಿದ್ದೆನವ್ವಾ. ನೀ ಬಾಜೂಕ ಕುಂತ ಕೇಳತಿದ್ದಿ."

ಭೀಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಂವ ದೀಪಾ ಇಳಿಸಿದ್ದ. ಹೌದಿಲ್ಲೋ?"

"ಇಳಿಸಿದ್ದ."

"ಇನ್ನೊಮ್ಮೆ ಹೇಳು."

"ಇಳಿಸಿದ್ದನವ್ವಾ. ಉರ್ಯಾಕತ್ತೈತೇನ ಅಂತ ಕೇಳಿನೂ ಕೇಳಿದ್ದ. ಭಾಳ ಶಾಣ್ಯಾ ಇದ್ದ ನಿಮ್ಮಪ್ಪ."

ಮಾಲಾ ಅತ್ತಳು. ಗೊಳೋ ಎಂದು, ಆರು ತಿಂಗಳ ಕೂಸಿನ ಹಾಗೆ ಅತ್ತಳು. ಅಳು ನಿಂತ ಮೇಲೆ ಗಂಡನನ್ನು ಎಬ್ಬಿಸಿ, ಖಾನಾಪುರದ ಬಸ್ಸಿಗೆ ಹೊತ್ತಾಯಿತೆಂದು ಅವನ ತಲೆಯ ಮೇಲೆ ಸೆರಗು ಹಿಡಿದು ಅಂಗಳಕ್ಕಿಳಿದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ನಮ್ಮ ಆಯಿಗೆ ಇದನ್ನ ಯಾರ ಹೇಳವ್ರವ್ವಾ?" ಎಂದು ಕೇಳಿದಳು.

ಮಗನನ್ನು ಹುಂಬ ಎಂದು ಬೈಯುತ್ತಲೇ ಆ ಅಜ್ಜಿ ಮಾಯವ್ವ ಸತ್ತು ಆರು ವರ್ಷವಾಗಿತ್ತು. ಭೀಮಕ್ಕ ಕಂಬ ಹಿಡಿದುಕೊಂಡು, ಮಗಳು ಅಳಿಯ ಮಳೆಯಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದಳು.