ಇಂಟರ್‌ವಲ್ ತನಕ ಕಥೆ ಹೇಳಿದ ಅನ್ನಮ್ಮ

ಬೆಳಗಿನ ಐದೂವರೆ. ಗಂಗಾವತಿಯ ಚಂದ್ರಹಾಸ ಟಾಕೀಸಿನೊಳಗೆ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಆರುನೂರ ಹನ್ನೆರಡು ಖಾಲಿ ಕುರ್ಚಿಗಳ ನಡುವೆ ಅನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸ ಗುಡಿಸುತ್ತಿದ್ದಾಳೆ. ಶೇಂಗಾ ಸಿಪ್ಪೆ, ಚುರುಮುರಿ ಕಾಗದ, ಯಾರದೋ ಮುರಿದ ಬಳೆ. ಕಸಬರಿಗೆಯ ಲಯಕ್ಕೆ ಗಂಟಲು ಬಿಚ್ಚಿ ಹಾಡುತ್ತಾಳೆ: ‘ಕಾಲುವಿಗೆ ನೀರು ಬಂತು, ನೀ ಯಾವಾಗ ಬರತೀ?’

ಹಾಡು ‘ಹಾಡಿದರೆ ಬರುವೆ’ ಚಿತ್ರದ್ದು. ಐದನೇ ವಾರಕ್ಕೆ ಕಾಲಿಟ್ಟಿದೆ, ಊರಿಗೆಲ್ಲ ಅದರ ಹುಚ್ಚು. ಮೂರೇ ದಿನಕ್ಕೆ ಗಂಟುಮೂಟೆ ಕಟ್ಟಬೇಕಿದ್ದ ಚಿತ್ರವನ್ನು ಉಳಿಸಿದವಳು ಈ ಕಸ ಗುಡಿಸುವಾಕೆ ಎಂಬುದು ಟಿಕೆಟ್ ಸಾಲಿನಲ್ಲಿ ನಿಂತವರಿಗೆ ಗೊತ್ತಿಲ್ಲ.

ಅನ್ನಮ್ಮ ಯಲಬುರ್ಗಾ ಕಡೆಯ ಎರೆಹೊಲದ ಮಗಳು. ಮದುವೆಯಾಗಿ ಬಂದಾಗ ಗಂಡ ಹುಲಿಗೆಪ್ಪ ಇದೇ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ. ಡಿಜಿಟಲ್ ಯಂತ್ರ ಬಂತು. ರೀಲಿನ ಜೊತೆ ಅವನ ಕೆಲಸವೂ ಹೋಯಿತು. ಅವನೀಗ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಅವನ ಕೆಲಸ ಹೋದಾಗ ಕಸಬರಿಗೆ ಹಿಡಿದ ಅನ್ನಮ್ಮ ಇಲ್ಲಿ ದುಡಿಯತೊಡಗಿ ಹದಿನಾಲ್ಕು ವರ್ಷ. ದಿನಕ್ಕೆ ನಾಲ್ಕು ಆಟ, ನಾಲ್ಕು ಸಲ ಗುಡಿಸುವುದು, ಪ್ರತಿ ಸಲವೂ ಬಾಲ್ಕನಿಯ ಮೂವತ್ತೊಂದು ಮೆಟ್ಟಿಲು. ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುವವಳೂ ಅವಳೇ.

ಚಿತ್ರದ ನಾಯಕ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವನು. ಮಾತಾಡಿದರೆ ತೊದಲುತ್ತಾನೆ, ಹಾಡಿದರೆ ತೊದಲುವುದಿಲ್ಲ. ನಾಯಕಿ ಬಸ್ ಕಂಡಕ್ಟರ್. ಪ್ರೀತಿ, ಜಗಳ, ಕ್ಷಮೆ ಎಲ್ಲವೂ ಹಾಡಿನಲ್ಲೇ, ಒಟ್ಟು ಹನ್ನೊಂದು. ‘ಹತ್ತು ನಿಮಿಷಕ್ಕೊಂದು ಹಾಡು ಯಾರು ಕೇಳ್ತಾರೆ’ ಎಂದು ಮೊದಲ ಆಟಕ್ಕೆ ಬಂದ ಹತ್ತೊಂಬತ್ತು ಮಂದಿಯಲ್ಲಿ ಅರ್ಧ ಜನ ಎದ್ದುಹೋದರು. ವ್ಯವಸ್ಥಾಪಕ ಗೋವಿಂದರಾಜ ಸೋಮವಾರಕ್ಕೆ ಹೊಡೆದಾಟದ ಚಿತ್ರ ಗೊತ್ತುಮಾಡಿಬಿಟ್ಟ.

ಗೇಟಿನ ಪರದೆ ಸರಿಸಿ ನಿಂತೇ ನೋಡಿದ್ದ ಅನ್ನಮ್ಮನಿಗೆ ಮಾತ್ರ ಚಿತ್ರ ಹಿಡಿಸಿಬಿಟ್ಟಿತ್ತು. “ಮಾತಿನ್ಯಾಗ ಹೇಳಾಕ ನಾಚಿಕಿ ಬರ್ತೈತ್ರಿ, ಹಾಡಿನ್ಯಾಗ ಹೇಳಾಕ ಯಾತರ ನಾಚಿಕಿ? ಇಪ್ಪತ್ತೆರಡು ವರ್ಷ ಆತು, ನಮ್ಮ ಮನಿಯವ್ರು ನೀ ಛಲೋ ಅದಿ ಅಂತ ಒಮ್ಮಿನೂ ಅಂದಿಲ್ಲ. ಆದ್ರ ನಾ ರೊಟ್ಟಿ ಬಡಿವಾಗ ಮಗ್ಗಲ್ದಾಗ ಕುಂತು ಗುನುಗ್ತಾರ. ನನಗ ತಿಳೀತೈತಿ” ಎಂದು ನಗುತ್ತಾಳೆ.

ಭಾನುವಾರ ನಸುಕಿನಲ್ಲೇ ಅವಳು ಗಂಡ ದುಡಿಯುವ ಗಿರಣಿಗೆ ನಡೆದಳು. ಅಲ್ಲಿ ಗೆಳತಿ ಶಹನಾಜಬೇಗಂ ಮತ್ತು ಜೊತೆಯ ಹೆಂಗಸರು ಭತ್ತ ಹರವುತ್ತಿದ್ದರು. ಅನ್ನಮ್ಮ ನಡುವೆ ನಿಂತು ಕಥೆ ಶುರುಮಾಡಿದಳು. ಹಾಡು ಬಂದಲ್ಲಿ ಹಾಡಿದಳು, ಕುಣಿತ ಬಂದಲ್ಲಿ ಕುಣಿದೂಬಿಟ್ಟಳು. ನಾಯಕಿಗೆ ದೂರದೂರಿಗೆ ವರ್ಗವಾಗಿದೆ, ಬಸ್ಸು ಹೊರಟಿದೆ, ಅವನ ಬಾಯಿಂದ ಒಂದು ಸ್ವರವೂ ಹೊರಡುತ್ತಿಲ್ಲ. ಚಿತ್ರದಲ್ಲಿ ಇಂಟರ್‌ವಲ್ ಬೀಳುವ ಜಾಗ ಅದು. ಅಲ್ಲಿಗೆ ಗಪ್ಪನೆ ನಿಲ್ಲಿಸಿದಳು.

“ಮುಂದ ಏನಾತಬೇ?” ಎಂದು ಎಲ್ಲರೂ ಮುಗಿಬಿದ್ದರು.

“ಮುಂದಿಂದು ಟಾಕೀಸಿನ್ಯಾಗೈತಿ. ಇವತ್ತ ಕಡೀ ದಿನ, ಬರ್ರಿ!”

ಮಧ್ಯಾಹ್ನದ ಆಟಕ್ಕೆ ನಲವತ್ತಮೂರು ಹೆಂಗಸರು ಬಂದರು, ತಲೆಯಲ್ಲಿ ಇನ್ನೂ ಭತ್ತದ ಧೂಳು. ಹೊರಗೆ ಸೋಮವಾರದ ಪೋಸ್ಟರಿಗೆ ಅಂಟು ಹಚ್ಚುತ್ತಿದ್ದರು. ಒಳಗೆ ನಾಲ್ಕನೇ ಹಾಡಿಗೆ ಚಪ್ಪಾಳೆ, ಆರನೆಯದಕ್ಕೆ ಸಿಳ್ಳೆ. “ಅಂವ ಬಸ್ಸಿನ ಹಿಂದ ಓಡಿ ಓಡಿ ಹಾಡಾಕ ಹತ್ತಿದಾಗ ನಾ ಎದ್ದು ನಿಂತು, ‘ಬಸ್ ನಿಂದರ್ಸಬೇ’ ಅಂತ ಒದರಿಬಿಟ್ಟೆ. ಸಿನಿಮಾ ಅನ್ನೋದು ಖಬರ್ ಇರ್ಲಿಲ್ರಿ” ಎನ್ನುತ್ತಾಳೆ ಶಹನಾಜಬೇಗಂ.

ಆ ಗದ್ದಲಕ್ಕೆ ಗೋವಿಂದರಾಜ ಕಚೇರಿಯಿಂದ ಓಡಿಬಂದ. ಬಾಗಿಲಲ್ಲಿ ನಿಂತು ನೋಡಿದ. ಹೊರಗೆ ಹೋಗಿ, ಅರ್ಧ ಅಂಟಿದ್ದ ಪೋಸ್ಟರನ್ನು ತಾನೇ ಕಿತ್ತ. ಸಂಜೆಯ ಆಟಕ್ಕೆ ಅದೇ ಹೆಂಗಸರು ಮನೆಮಂದಿಯನ್ನು ಎಳೆದುತಂದರು. ಈಗ ಕೊಪ್ಪಳ, ಕುಷ್ಟಗಿಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದಾರೆ.

ಹೊಗಳಿದರೆ ಅನ್ನಮ್ಮ ಕೈ ಅಲ್ಲಾಡಿಸಿಬಿಡುತ್ತಾಳೆ. ಆದರೆ ಒಂದು ಸಂಗತಿ ಹೇಳುವಾಗ ಕಣ್ಣುಗಳು ಮಿನುಗುತ್ತವೆ.

“ಹೊಸಾ ಸಿನಿಮಾ ತರೂಕಿಂತ ಮೊದ್ಲ ಸಾಹೇಬ್ರು ಈಗ ನನಗ ಕುರ್ಚಿ ಹಾಕಿ ಕುಂಡ್ರಿಸಿ, ‘ಇದನ್ನ ತರೂಣೇನು ಅನ್ನಮ್ಮ?’ ಅಂತ ಕೇಳ್ತಾರ್ರಿ. ನಾನೂ ಸುಮ್ನ ಹೂಂ ಅನ್ನಂಗಿಲ್ಲ. ಹಾಡು ಎಷ್ಟ ಅದಾವು, ಮೊದ್ಲ ಅದನ್ನ ಹೇಳ್ರಿ ಅಂತೀನಿ.”