ಧೂಮಕೇತು ಬಂದ ವರ್ಷ ಡಾರ್ಕಸ್ ಹೇಳಿದ ಸುಳ್ಳು

ಡಾರ್ಕಸ್ ಥ್ವೇಟ್ ಉಣ್ಣೆ ತೊಳೆಯುವವಳು. ಯಾರ್ಕ್‌ಶೈರಿನ ವಾರ್ಫ್ ನದಿಯ ದಂಡೆಯಲ್ಲಿರುವ ನಮ್ಮ ಹಾಕ್ಸ್‌ಬೆಕ್‌ನಲ್ಲಿ ಆಗ ಆ ಕೆಲಸ ಮಾಡುತ್ತಿದ್ದವರು ಇಬ್ಬರೇ, ಅವಳು ಮತ್ತು ನನ್ನ ಅಜ್ಜಿ ಗ್ರಿಸೆಲ್. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯಲ್ಲಿ ಜಿಡ್ಡು, ಹಿಕ್ಕೆ, ಮುಳ್ಳು ಎಲ್ಲ ಇರುತ್ತದೆ. ಅದನ್ನು ಹಳಸಿದ ಮೂತ್ರದಲ್ಲಿ ನೆನೆಹಾಕಿ, ತುಳಿದು, ಆಮೇಲೆ ಸೇತುವೆಯ ಕೆಳಗಿನ ಹರಿಯುವ ನೀರಿನಲ್ಲಿ ಜಾಲಿಸಬೇಕು. ಭಾನುವಾರದ ಪ್ರಾರ್ಥನೆಗೆ ಇಗರ್ಜಿಯಲ್ಲಿ ಕೂತಾಗ ಈ ಇಬ್ಬರ ಪಕ್ಕದ ಜಾಗ ಯಾವಾಗಲೂ ಖಾಲಿ. ವಾಸನೆ ಹಾಗಿತ್ತು.

ಡಾರ್ಕಸ್‌ಗೆ ಆಗ ಐವತ್ತು ದಾಟಿತ್ತು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಓದು ಬರುತ್ತಿರಲಿಲ್ಲ. ಮಾತು ಮಾತ್ರ ಚೂಪು. ಆ ಮಾತಿನಿಂದಲೇ ಎಲ್ಲ ಶುರುವಾದದ್ದು.

ಸಾವಿರದ ಆರುನೂರ ಎಂಬತ್ತರ ಕ್ರಿಸ್ಮಸ್ ಹೊತ್ತಿಗೆ, ಸೂರ್ಯ ಮುಳುಗಿದ ಕೂಡಲೇ, ಪಡುವಣದ ಗುಡ್ಡದಿಂದ ನೆತ್ತಿಯವರೆಗೂ ಬಾಲ ಚಾಚಿದ ಧೂಮಕೇತು ಕಾಣಿಸಿಕೊಂಡಿತು. ಊರಿಂದೂರಿಗೆ ಪಂಚಾಂಗ ಮಾರುತ್ತ, ಜಾತಕ ಬರೆಯುತ್ತ ತಿರುಗುತ್ತಿದ್ದ ಗಮೇಲಿಯಲ್ ಫ್ರಿತ್ ಎಂಬಾತ ಸೇತುವೆಯ ನಟ್ಟನಡುವೆ ನಿಂತು ಜನ ಸೇರಿಸಿದ.

"ಇದು ಶನಿಯ ಗುಣದ ಚುಕ್ಕೆ. ಬಾಲ ಮೂಡಲಕ್ಕೆ ತಿರುಗಿದೆ, ನೋಡಿ. ದೊಡ್ಡವರ ತಲೆ ಉರುಳತ್ತೆ, ರಾಜ್ಯ ಅಲ್ಲಾಡತ್ತೆ!"

ಒದ್ದೆ ಉಣ್ಣೆಯ ಬುಟ್ಟಿ ಹೊತ್ತು ಬಂದ ಡಾರ್ಕಸ್‌ಗೆ ದಾಟಲು ದಾರಿಯಿರಲಿಲ್ಲ. "ರಾಜ್ಯ ಆಮೇಲೆ ಅಲ್ಲಾಡ್ಲಿ ಸ್ವಾಮಿ. ನೀವು ನಿಂತಿರೋ ಸೇತುವೆ ಅದಕ್ಕಿಂತ ಮುಂಚೆ ಬೀಳತ್ತೆ. ಸ್ವಲ್ಪ ಸರೀರಿ, ಭಾರ ಇದೆ" ಎಂದಳು. ಜನ ನಕ್ಕರು. ಫ್ರಿತ್ ಸರಿದು ದಾರಿ ಬಿಟ್ಟ.

ಎರಡು ತಿಂಗಳಾದ ಮೇಲೆ ಗುಡ್ಡದ ಹಿಮ ಕರಗಿ ನೆರೆ ಬಂದು ಸೇತುವೆ ಕೊಚ್ಚಿಕೊಂಡು ಹೋಯಿತು. ಯಾರೂ ಸಾಯಲಿಲ್ಲ. ಆದರೆ ಆ ಸಂಜೆ ಅಲ್ಲಿದ್ದವರಿಗೆಲ್ಲ ಡಾರ್ಕಸ್ ಆಡಿದ ಮಾತು ನೆನಪಾಯಿತು.

"ನಡುಗಂಬದ ಕಲ್ಲು ಮೂರು ವರ್ಷದಿಂದ ಸಡಿಲ ಆಗಿತ್ತು ಕಣ್ರಪ್ಪಾ," ಎಂದು ಅವಳು ಮನೆಗೆ ಬಂದವರಿಗೆಲ್ಲ ಹೇಳಿದಳು. "ದಿನಾ ಅದರ ಕೆಳಗೇ ನಿಂತು ತೊಳೀತಿದ್ದೆ. ಕಣ್ಣಿಲ್ವಾ ನಂಗೆ?"

"ಆ ಗ್ರಿಸೆಲ್ಲೂ ಅಲ್ಲೇ ನಿಂತು ತೊಳೀತಾಳಲ್ಲ, ಅವಳ್ಯಾಕೆ ಹೇಳ್ಲಿಲ್ಲ?" ಎಂದರು ಜನ.

ಅಲ್ಲಿಂದ ಮುಂದೆ ಡಾರ್ಕಸ್ ಕಣಿ ಹೇಳುವವಳಾದಳು. ಮಗಳ ಮದುವೆ ಯಾವಾಗ, ಕಳೆದ ಕುರಿ ಎಲ್ಲಿ ಎಂದು ಕೇಳಿಕೊಂಡು ಜನ ಬಂದರು. ಬರುವಾಗ ಮೊಟ್ಟೆ, ಗಿಣ್ಣಿನ ತುಂಡು, ಬಿಸಿ ಓಟ್ಸ್ ರೊಟ್ಟಿ ತಂದರು. ಇಗರ್ಜಿಯಲ್ಲಿ ಅವಳ ಪಕ್ಕದ ಜಾಗ ತುಂಬಿತು. ಅವಳು ಮೊದಮೊದಲು ಬೈದು ಕಳಿಸುತ್ತಿದ್ದಳು. ಆಮೇಲಾಮೇಲೆ ಕೂರಿಸಿ ಮಾತಾಡಿಸತೊಡಗಿದಳು. ತನಗೆ ಗೊತ್ತಿದ್ದಷ್ಟು ಬುದ್ಧಿ ಹೇಳುತ್ತಿದ್ದಳು, ನಕ್ಷತ್ರದ ಮಾತು ಒಮ್ಮೆಯೂ ಎತ್ತಲಿಲ್ಲ. ಈ ಮರ್ಯಾದೆ ಅವಳಿಗೆ ಹಿಡಿಸಿರಲಿಲ್ಲ ಎಂದು ಅಜ್ಜಿ ಯಾವತ್ತೂ ಹೇಳಲಿಲ್ಲ. "ಸ್ವಲ್ಪ ಹಿಡಿಸಿತ್ತು. ಯಾರಿಗೆ ಹಿಡಿಸಲ್ಲ?" ಎನ್ನುತ್ತಿದ್ದಳು.

ಎಂಬತ್ತೆರಡರ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಧೂಮಕೇತು ಬಂತು. ಮೊದಲಿನದಕ್ಕಿಂತ ಚಿಕ್ಕದು, ಆದರೆ ಬಂದದ್ದು ಕೊಯ್ಲಿನ ಹೊತ್ತಿಗೆ. ಈ ಬಾಲದ ಕೆಳಗೆ ಕೊಯ್ದ ಧಾನ್ಯ ತಿಂದ ಮನೆಗೆ ಪ್ಲೇಗು ಬರುತ್ತದೆ ಎಂದು ಫ್ರಿತ್ ಒಂದು ಹಾಳೆ ಅಚ್ಚು ಹಾಕಿಸಿ ಹಂಚಿದ. ಹಾಕ್ಸ್‌ಬೆಕ್‌ನವರು ಕುಡುಗೋಲು ಮುಟ್ಟಲಿಲ್ಲ. ಡಾರ್ಕಸ್ ಏನು ಹೇಳುತ್ತಾಳೋ ನೋಡೋಣವೆಂದು ಕಾದರು. ಅವಳು ಹೆದರಿ ಬಾಯಿ ಮುಚ್ಚಿಕೊಂಡಳು. ಅವಳೇ ಸುಮ್ಮನಿದ್ದಾಳೆಂದರೆ ಕಂಡದ್ದು ಏನೋ ಘೋರವೇ ಇರಬೇಕೆಂದು ಜನ ಇನ್ನಷ್ಟು ಹೆದರಿದರು.

ಸೆಪ್ಟೆಂಬರ್ ನಡುವಿಗೆ ನನ್ನ ಅಜ್ಜ ಆಂಬ್ರೋಸ್, ಗ್ರಿಸೆಲ್‌ಳ ಗಂಡ, ಒಬ್ಬನೇ ಡಾರ್ಕಸ್‌ಳ ಮನೆಗೆ ಹೋದ. ಅಲ್ಲಿ ನಡೆದ ಮಾತು ಅಜ್ಜಿಗೆ ಗೊತ್ತಾದದ್ದು ಮೂರು ವರ್ಷ ಕಳೆದ ಮೇಲೆ.

"ಡಾರ್ಕಸಕ್ಕ, ಓಟ್ಸ್ ಹಣ್ಣಾಗಿ ಉದುರ್ತಾ ಇದೆ. ನೀನು ಒಂದ್ ಮಾತು ಹೇಳಿದ್ರೆ ಎಲ್ರೂ ಹೊಲಕ್ಕಿಳೀತಾರೆ."

"ನಂಗೇನೂ ಗೊತ್ತಿಲ್ಲ, ಆಂಬ್ರೋಸ್."

"ಅದು ನಂಗೂ ಗೊತ್ತು. ಅವರಿಗೆ ಗೊತ್ತಿಲ್ವಲ್ಲ."

"ಸುಳ್ಳು ಹೇಳು ಅಂತೀಯಾ?"

"ಚಳಿಗಾಲಕ್ಕೆ ಏನು ತಿನ್ನೋದು, ನೀನೇ ಹೇಳು."

ಮರುಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಡಾರ್ಕಸ್ ಇಗರ್ಜಿಯ ಅಂಗಳದಲ್ಲಿ ನಿಂತು ಹೇಳಿದಳು: "ಕಣಜದೊಳಗೆ ಇರೋದು ಆ ಚುಕ್ಕೆಗೆ ಕಾಣಲ್ಲ. ಮೈಕೆಲ್ ಹಬ್ಬದ ದಿನ ಬಯಲಲ್ಲಿ ಏನು ಉಳಿದಿರತ್ತೋ ಅದೆಲ್ಲ ಅದರ ಪಾಲು." ಹೇಳಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರ್ ಕೊನೆಯಲ್ಲಿ ಬರುವ ಆ ಹಬ್ಬಕ್ಕೆ ಹತ್ತು ದಿನ ಉಳಿದಿತ್ತು. ಮಧ್ಯಾಹ್ನವೇ ಕುಡುಗೋಲು ಹೊರಬಂದವು. ಬಾಣಂತಿಯರನ್ನು ಬಿಟ್ಟು ಊರಿಗೂರೇ ಹೊಲದಲ್ಲಿತ್ತು. ಎಂಟನೆಯ ದಿನ, ಅವಸರದಲ್ಲಿ ಮಿತಿಮೀರಿ ಹೇರಿದ ಗಾಡಿ ಇಳಿಜಾರಿನಲ್ಲಿ ವಾಲಿತು. ಹೊರೆಯ ಮೇಲಿದ್ದ ಆಂಬ್ರೋಸ್ ಕೆಳಗೆ ಬಿದ್ದ. ಹಿಂದಿನ ಚಕ್ರ ಅವನ ಎದೆಯ ಮೇಲೆ ಹಾಯಿತು. ಮನೆಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಹಬ್ಬದ ಮರುದಿನ ಹಿಡಿದ ಮಳೆ ಮೂರು ವಾರ ಬಿಡಲಿಲ್ಲ. ಹೊಳೆಯಾಚೆಯ ಊರಿನವರು ಫ್ರಿತ್‌ನ ಹಾಳೆ ನಂಬಿ ಕೊಯ್ಯದೆ ಉಳಿದಿದ್ದರು. ಅವರ ಬೆಳೆ ನಿಂತಲ್ಲೇ ಮೊಳಕೆಯೊಡೆದು ಕೊಳೆಯಿತು. ಹಾಕ್ಸ್‌ಬೆಕ್‌ನವರು ಡಾರ್ಕಸ್‌ಳ ಬಾಗಿಲಿಗೆ ಬಂದು ಟೋಪಿ ತೆಗೆದು ನಿಂತರು. ಹೆಂಗಸರು ಅವಳ ಒಡೆದ ಕೈಗಳಿಗೆ ಮುತ್ತಿಟ್ಟರು.

ಗ್ರಿಸೆಲ್ ಬಂದದ್ದು ಅವರೆಲ್ಲ ಹೋದ ಮೇಲೆ. ಬಂದವಳು ಕೂರಲಿಲ್ಲ.

"ಮಳೆ ಬರೋದು ಗೊತ್ತಿತ್ತು ನಿಂಗೆ. ಗಾಡಿ ವಾಲೋದು ಗೊತ್ತಿರ್ಲಿಲ್ವಾ?"

"ನಂಗೆ ಎರಡೂ ಗೊತ್ತಿರ್ಲಿಲ್ಲ. ಸುಳ್ಳು ಹೇಳಿದೆ."

"ಗೊತ್ತಿದ್ದೂ ಹೇಳದೆ ಇದ್ದಿದ್ರೆ ನೀನು ಅವನನ್ನ ಸಾಯೋಕೆ ಬಿಟ್ಟೆ ಅಂತ ಆಗ್ತಿತ್ತು. ಸುಳ್ಳು ಅಂದ್ರೆ, ನಿನ್ನ ಸುಳ್ಳಿಗೆ ಓಡಿ ಅವನು ಸತ್ತ. ಯಾವುದನ್ನ ಇಟ್ಕೊಳ್ಲಿ ನಾನು?"

ಆ ಸುಳ್ಳು ಹೇಳು ಎಂದು ಕೇಳಿದವನು ಯಾರೆಂಬುದನ್ನು ಡಾರ್ಕಸ್ ಹೇಳಲಿಲ್ಲ.

ಆ ವಾರವೇ ಅವಳು ಇಗರ್ಜಿಯಲ್ಲಿ ಎಲ್ಲರೆದುರು ಎದ್ದು ನಿಂತು ತನಗೆ ಏನೂ ಕಾಣುವುದಿಲ್ಲ, ಹೇಳಿದ್ದೆಲ್ಲ ಕಟ್ಟಿದ ಮಾತು, ದೇವರು ಕ್ಷಮಿಸಲಿ ಎಂದಳು. ಪಾದ್ರಿಗೆ ಸಮಾಧಾನವಾಯಿತು. ಅದೇ ಎಡವಟ್ಟಾದದ್ದು. "ಪಾದ್ರಿಗಳು ಹೆದರಿಸಿ ಹೇಳಿಸಿದಾರೆ, ಪಾಪ," ಎಂದು ಜನ ಹೊರಗೆ ಬಂದು ಮಾತಾಡಿಕೊಂಡರು. ನಂಬಿದವಳು ಗ್ರಿಸೆಲ್ ಒಬ್ಬಳೇ.

ನಂಬಿದ್ದರಿಂದಲೇ ಅವಳು ಮಾತು ಬಿಟ್ಟಳು. ಅಷ್ಟೇ ಅಲ್ಲ, ತೊಳೆಯುವ ಜಾಗ ಬದಲಿಸಿ ಡಾರ್ಕಸ್‌ಗಿಂತ ಮೇಲ್ಗಡೆ ನಿಂತಳು. ಅವಳು ಜಾಲಿಸಿದ ಹೊಲಸೆಲ್ಲ ಹರಿದು ಡಾರ್ಕಸ್‌ಳ ಕಾಲಿಗೆ ಬರುತ್ತಿತ್ತು. ಡಾರ್ಕಸ್ ಜಾಗ ಬಿಟ್ಟು ಕದಲಲಿಲ್ಲ. ಗ್ರಿಸೆಲ್ ಮುಗಿಸಿ ಹೋಗುವವರೆಗೆ ಕಾದು, ನೀರು ತಿಳಿಯಾದ ಮೇಲೆ ತನ್ನದನ್ನು ತೊಳೆಯುತ್ತಿದ್ದಳು. ಇದು ಮೂರು ಚಳಿಗಾಲ ನಡೆಯಿತು.

ನಾಲ್ಕನೆಯ ಚಳಿಗಾಲ ಒಂದು ಬೆಳಿಗ್ಗೆ ಗ್ರಿಸೆಲ್‌ಳ ಬೆರಳು ಮಡಚಲು ಬಾರದಷ್ಟು ಊದಿತ್ತು. ಒದ್ದೆ ಕಂಬಳಿಯೊಂದನ್ನು ಹಿಂಡಲಾಗದೆ ಅದನ್ನು ಎಳೆದುಕೊಂಡು ಕೆಳಗೆ ಬಂದಳು.

"ಆ ತುದಿ ಹಿಡ್ಕೋ," ಎಂದಳು.

ಡಾರ್ಕಸ್ ಹಿಡಿದಳು. ಇಬ್ಬರೂ ಎದುರುಬದುರು ನಿಂತು ಹಿಂಡಿದರು. ಕಂಬಳಿ ಬಂಡೆಯ ಮೇಲೆ ಹರಡಿದ ಮೇಲೆ, ಆಂಬ್ರೋಸ್ ತನ್ನ ಮನೆಗೆ ಬಂದು ಕೇಳಿದ್ದನ್ನು ಡಾರ್ಕಸ್ ಹೇಳಿದಳು.

"ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು ಗ್ರಿಸೆಲ್.

"ಮಣ್ಣು ಮಾಡಿ ತಿಂಗಳೂ ಆಗಿರ್ಲಿಲ್ಲ. ತಪ್ಪೆಲ್ಲ ಅವನ ಮೇಲೆ ಹಾಕ್ಲಾ?"

"ಅವನು ಹಾಗೇನೇ. ಊರಿನ ಕೆಲಸ ಅಂದ್ರೆ ಮನೆ ಮರೆಯೋನು." ಅಜ್ಜಿ ಇಷ್ಟೇ ಹೇಳಿದಳಂತೆ. ಆ ದಿನ ಒಂದೇ ಬುಟ್ಟಿ ಉಣ್ಣೆಯನ್ನು ಮೂರು ಸಲ ತೊಳೆದಳಂತೆ.

ಅಲ್ಲಿಂದ ಹದಿಮೂರು ವರ್ಷ ಇಬ್ಬರೂ ಒಟ್ಟಿಗೆ ದುಡಿದರು. ಒಮ್ಮೆ ಸ್ಕಿಪ್ಟನ್‌ನ ಕುರಿ ಸಂತೆಗೆ ಹೋದಾಗ, ಪುಸ್ತಿಕೆ ಮಾರುವವನೊಬ್ಬ ಹಾಕ್ಸ್‌ಬೆಕ್ ಕಣಿಯಮ್ಮನ ಭವಿಷ್ಯ ಎಂದು ಕೂಗುತ್ತಿದ್ದ. ಮುಖಪುಟದ ಚಿತ್ರದಲ್ಲಿ ಗೂನುಬೆನ್ನಿನ, ಕೊಕ್ಕೆ ಮೂಗಿನ ಮುದುಕಿಯಿದ್ದಳು. ಲಂಡನ್ ಸುಟ್ಟದ್ದು, ಪ್ಲೇಗು ಬಂದದ್ದು, ರಾಜ ಸತ್ತದ್ದು ಎಲ್ಲ ಮೊದಲೇ ಹೇಳಿದ್ದಳೆಂದು ಓದಿದ.

"ಈ ಅಮ್ಮ ಈಗೆಲ್ಲಿದಾರಪ್ಪಾ?" ಎಂದು ಡಾರ್ಕಸ್ ಕೇಳಿದಳು.

"ಸತ್ತು ನೂರು ವರ್ಷ ಆಯ್ತು. ಗುಹೆಯಲ್ಲಿದ್ಲು."

"ಲಂಡನ್ ಯಾವ ದಿಕ್ಕಿಗಿದೆ ಅಂತ ಅವಳಿಗೆ ಗೊತ್ತಿತ್ತಾ?"

"ಏ ಮುದುಕಿ, ಅವಳ ವಿಷ್ಯ ನಿಂಗೇನು ಗೊತ್ತು? ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ದಾರಿ ಬಿಡು. ಏನ್ ವಾಸನೆ!"

ಅಜ್ಜಿ ನಗು ತಡೆಯಲಾರದೆ ಅಲ್ಲೇ ಬೇಲಿ ಹಿಡಿದು ಕೂತಳಂತೆ.

ಡಾರ್ಕಸ್ ಸತ್ತದ್ದು ತೊಂಬತ್ತೊಂಬತ್ತರ ಮಾರ್ಚ್‌ನಲ್ಲಿ, ಎದೆಯಲ್ಲಿ ಕಫ ಕಟ್ಟಿ. ಹನ್ನೊಂದು ದಿನ ಗ್ರಿಸೆಲ್ ಪಕ್ಕದಲ್ಲೇ ಇದ್ದಳು. ಮಣ್ಣಿಗೆ ಬಂದವರು ಅವಳನ್ನು ಸುತ್ತುವರಿದು, "ಕೊನೇಗೆ ಏನಂದ್ರು?" ಎಂದು ಕೇಳಿದರು.

"ನೀರು ಅಂದ್ಲು. ಕೊಟ್ಟೆ," ಎಂದಳು ಗ್ರಿಸೆಲ್.

ಆ ಬೇಸಿಗೆಯಲ್ಲಿ ಹಾಕ್ಸ್‌ಬೆಕ್‌ನ ಮೂರು ಮನೆಯವರು ಆ ಮಾತನ್ನೇ ಕಣಿಯೆಂದುಕೊಂಡು ನೆರೆಗೆ ಹೆದರಿ, ಸಾಮಾನು ಕಟ್ಟಿಕೊಂಡು ಗುಡ್ಡದ ಮೇಲಕ್ಕೆ ಹೋದರು. ನೆರೆ ಬರಲಿಲ್ಲ. ಎರಡು ಮನೆಯವರು ವಾಪಸು ಬಂದರು. ಒಂದು ಮನೆಯವರು ಅಲ್ಲೇ ಉಳಿದರು. ಅಲ್ಲಿ ಕುರಿಗೆ ಹುಲ್ಲು ಚೆನ್ನಾಗಿತ್ತು.